ಗಿಟ್ಟಿನ ಗಂಟು, ಅತ್ತೆಯ ನವಿಲು

ನೇಕಾರರ ಮನೆಯಲ್ಲಿ ಗಂಟು ಅನ್ನುವುದು ಅಷ್ಟೇನೂ ಮರ್ಯಾದೆಯ ಮಾತಲ್ಲ. ಹರಿದ ಎಳೆಗೆ ಹಾಕಿದ ಗಂಟು ಸೀರೆಯ ಮೇಲೆ ಎದ್ದು ಕಂಡರೆ ನೇಯ್ದವರ ಮಾನ ಹೋದಂತೆ. ನನ್ನ ಅತ್ತೆ ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಅಂಗೈ ಆಡಿಸಿದರೆ ಸಾಕು, ಗಂಟು ಎಲ್ಲಿದ್ದರೂ ಸಿಕ್ಕಿಬಿಡುತ್ತಿತ್ತು. ಸೊಸೆಯ ಮಾತಿನಲ್ಲಿದ್ದ ಗಂಟಂತೂ ಅದಕ್ಕಿಂತ ಬೇಗ ಸಿಗುತ್ತಿತ್ತು. ಇಂಥ ಮನೆಯಲ್ಲಿ ನಾನು ಆ ಶಬ್ದವನ್ನು ತಂದು ಕಂಪ್ಯೂಟರಿಗೆ ಅಂಟಿಸಿದೆ. ಅದಕ್ಕೆ ಕಾರಣ ಒಂದು ಜೀಪು, ಅದೂ ಇಲ್ಲದ ಜೀಪು.

ನಾನು ಮುಧೋಳದವಳು. ಜಮಖಂಡಿಯಲ್ಲಿ ಬಿಸಿಎ ಓದಿ ಬನಹಟ್ಟಿಗೆ ಸೊಸೆಯಾಗಿ ಬಂದೆ. ಹಿತ್ತಲಿನ ಶೆಡ್ಡಿನಲ್ಲಿ ಗಂಡನೂ ಸಣ್ಣ ಮಾವನೂ ಪವರ್‌ಲೂಮ್ ನಡೆಸುತ್ತಾರೆ. ಮಗ್ಗ ಶುರುವಾದರೆ ಅಡುಗೆಮನೆಯ ಡಬ್ಬಿಗಳು ಸಹ ತಾಳ ಹಾಕುತ್ತವೆ. ಮಗ್ಗದ ಮೇಲೆ ಚಿತ್ತಾರ ಎತ್ತುವ, ಕಂಪ್ಯೂಟರಿನ ಮಾತು ಕೇಳುವ ಹೊಸ ಜಕಾರ್ಡ್ ಬಂದ ಮೇಲೆ ಸೀರೆಯ ದಡಿ, ಅಂದರೆ ಅಂಚಿನ ಚಿತ್ತಾರ, ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಸ್ಕ್ರೀನಿನ ಮೇಲೆ ಚೌಕ ಚೌಕವಾಗಿ ಚುಕ್ಕೆ ತುಂಬುವುದು, ಪೆನ್‌ಡ್ರೈವಿಗೆ ಹಾಕಿ ಮಗ್ಗಕ್ಕೆ ಕೊಡುವುದು. ಓದಿದ ಸೊಸೆಯಿಂದ ಮನೆಗೆ ಆದ ಲಾಭ ಇದೇ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಡುಗೆಯ ಬಗ್ಗೆ ಹೇಳಲು ಅವರಿಗೆ ಏನೂ ಇರಲಿಲ್ಲ.

ಮೊದಮೊದಲು ನನ್ನ ಫೈಲುಗಳ ಹೆಸರುಗಳು ಹೀಗಿರುತ್ತಿದ್ದವು: ಫೈನಲ್, ಖರೆ ಫೈನಲ್, ದೇವರಾಣೆ ಫೈನಲ್. ಒಂದು ದಿನ ಗಂಡ ದೇವರಾಣೆಯನ್ನು ಬಿಟ್ಟು ಖರೆಯನ್ನು ಮಗ್ಗಕ್ಕೆ ಹಾಕಿ, ಅರ್ಧ ಸೀರೆಯುದ್ದಕ್ಕೂ ಕಮಲಗಳು ತಲೆಕೆಳಗಾಗಿ ಅರಳಿದವು. ಅವತ್ತೇ ನಾನು ಕಾಲೇಜಿನಲ್ಲಿ ಕಲಿತು ಮರೆತಿದ್ದ ಗಿಟ್ ಎಂಬ ಪ್ರೋಗ್ರಾಮು ತೆರೆದು, ದಡಿಗಳನ್ನೆಲ್ಲ ಅದರೊಳಗೆ ಇಟ್ಟೆ. ಏನು ಬದಲಿಸಿದರೂ ಅಲ್ಲಿ ಕಮಿಟ್ ಮಾಡಬೇಕು, ಅಂದರೆ ದಾಖಲಿಸಬೇಕು, ಯಾಕೆ ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕು. ಹೊಸದು ಬಂತೆಂದು ಹಳೆಯದು ಅಳಿಯುವುದಿಲ್ಲ. ಬೇಕೆಂದಾಗ ಹಿಂದಕ್ಕೆ ಹೋಗಿ ತರಬಹುದು. ಸಣ್ಣ ಮಾವನಿಗೆ ಇದನ್ನು ವಿವರಿಸಿದರೆ, ಇದರಲ್ಲಿ ಹೊಸದೇನಿದೆ, ಹಳೆಯದೊಂದನ್ನೂ ಮರೆಯದ ಮಷೀನು ನಮ್ಮ ವೈನಿಯ ರೂಪದಲ್ಲಿ ಮನೆಯಲ್ಲಿ ಮೊದಲೇ ಇತ್ತಲ್ಲ ಎಂದರು. ವೈನಿ ಎಂದರೆ ನನ್ನ ಅತ್ತೆ.

ಆ ಒಂದೊಂದು ಸಾಲು ಬರೆಯುವ ಜಾಗ ನನಗೆ ತವರುಮನೆಯಾಯಿತು. ಎದುರಿಗೆ ಆಡಲಾಗದ್ದನ್ನೆಲ್ಲ ಅಲ್ಲಿ ಆಡಿದೆ. ‘ಅತ್ತಿ ಹೇಳ್ಯಾರಂತ ಹೂ ದಪ್ಪ ಮಾಡೇನಿ, ಈಗದು ಹೂಕೋಸ ಆಗೇತಿ.’ ‘ಸಣ್ಣ ಮಾವ ಬಳ್ಳಿ ಸರಿ ಇಲ್ಲ ಅಂದ್ರು, ಚಸ್ಮಾ ಹಾಕ್ಕೊಂಡಿರಲಿಲ್ಲ.’ ಹೀಗೆ.

ಅಷ್ಟರಲ್ಲಿ ಜಮಖಂಡಿಯ ಬಟ್ಟೆ ವ್ಯಾಪಾರಿಯೊಬ್ಬರು ನಮ್ಮ ದಡಿಗಳನ್ನು ಮೆಚ್ಚಿ, ಮದುವೆ ಸುಗ್ಗಿಗೆ ಆರಿಸಿಕೊಳ್ಳಲು ಎಲ್ಲ ಮಾದರಿಗಳನ್ನೂ ಒಟ್ಟಿಗೆ ಕಳಿಸಿರೆಂದು ತಮ್ಮ ಮುನೀಮರ ಕೈಲಿ ಹೇಳಿಸಿದರು. ಗಿಟ್ಟನ್ನು ಇಡಿಯಾಗಿ ಕೊಟ್ಟರೆ ಅದರ ಹಿಂದೆ ಹೂಕೋಸೂ ಚಸ್ಮಾನೂ ಹೋಗುತ್ತವೆ, ನಮ್ಮ ಮನೆಯ ಮಾತು ಜಮಖಂಡಿ ಪೇಟೆಯ ಚಹಾದ ಜೊತೆ ಚೂಡಾ ಆಗುತ್ತದೆ. ಇದಕ್ಕೆಂದೇ ಗಿಟ್‌ನಲ್ಲಿ ಆರ್ಕೈವ್ ಎಂಬ ಆಜ್ಞೆಯಿದೆ. ಇವತ್ತು ದಡಿಗಳು ಹೇಗಿವೆಯೋ ಹಾಗೆ ಒಂದೇ ಜಿಪ್ ಫೈಲಿನಲ್ಲಿ ಕಟ್ಟಿಕೊಡುತ್ತದೆ. ಹಿಂದಿನ ಕತೆ ಅದರಲ್ಲಿ ಬರುವುದಿಲ್ಲ. ಕಮಿಟ್ ಆಗದ್ದೂ ಬರುವುದಿಲ್ಲ. ಮಗ್ಗದಿಂದ ಕೊಯ್ದದ್ದು ಮಾತ್ರ ಸೀರೆ, ಮಗ್ಗದ ಮೇಲಿರುವುದು ಇನ್ನೂ ನೂಲು ಅನ್ನುವುದು ನಮ್ಮವರಿಗೆ ಮೊದಲೇ ಗೊತ್ತಿದ್ದ ಸತ್ಯ.

ಮುನೀಮರಿಗೆ ಫೋನು ಮಾಡಿ ಜಿಪ್ ಕಳಿಸುತ್ತೇನೆ ಎಂದೆ. ಮಧ್ಯಾಹ್ನ ಅವರೇ ಫೋನು ಮಾಡಿ, “ಜೀಪ್ ಎಲ್ಲಿಗೆ ಬಂತ್ರೀ? ಹಮಾಲರು ಕುಂತಾರ,” ಎಂದರು. ಅಂಗಡಿಯ ಮುಂದೆ ನಿಂತಿದ್ದ ಸೈಕಲ್ ಮೋಟರುಗಳನ್ನೆಲ್ಲ ಸರಿಸಿ ಜಾಗ ಮಾಡಿಸಿದ್ದರಂತೆ. ಜಿಪ್ಪಿಗೂ ಜೀಪಿಗೂ ಇರುವ ಅಂತರ ತಿಳಿಸಲು ಹೋಗಿ ಸೋತು, ಕೊನೆಗೆ ಗಂಟು ಎಂದೆ. ಬಟ್ಟೆ ಪೇಟೆಯ ಮನುಷ್ಯ, ಗಂಟು ಎಂದೊಡನೆ ತಿಳಿದುಕೊಂಡರು. ಎಲ್ಲ ದಡಿ ಮುಗಿದ ಮೇಲೆ ಒಂದೇ ಗಂಟು ಕಟ್ಟಿ ಕಳಿಸುವುದು ಎಂದು ಮಾತಾಯಿತು.

ಮುಗಿಯದೆ ಉಳಿದದ್ದು ಒಂದೇ, ನವಿಲಿನ ದಡಿ. ಅತ್ತೆ ತಮ್ಮ ಕಾಲದಲ್ಲಿ ಕೈಮಗ್ಗದ ಮೇಲೆ ನವಿಲು ನೇಯ್ದವರು. ನವಿಲು ಗೋಣು ತಿರುಗಿಸಿ ಹಿಂದೆ ನೋಡುತ್ತಿರಬೇಕು ಅನ್ನುವುದು ಅವರ ಹಟ. ಸಾಲಿನಲ್ಲಿ ಮುಂದೆ ಹೋಗುವ ನವಿಲು ಹಿಂದಿನದು ಬಂತೋ ಇಲ್ಲವೋ ಎಂದು ನೋಡಬೇಕಂತೆ, ನೆಟ್ಟಗೆ ನೋಡುತ್ತ ಹೋಗುವುದು ಕೋಳಿಯಂತೆ. ಪಡಸಾಲೆಯ ಫರ್ಸಿಗಲ್ಲಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೂ ತೋರಿಸಿದರು. ನಾನು ಅದರ ಫೋಟೋ ತೆಗೆದು ‘ಅತ್ತಿ’ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡೆ. ಅವರು ಬರೆದುಕೊಟ್ಟದ್ದೆಲ್ಲ ಅಲ್ಲೇ ಇತ್ತು. ಆದರೆ ನನ್ನ ಚೌಕಗಳಲ್ಲಿ ಆ ಗೋಣು ಬಾಗುತ್ತಿರಲಿಲ್ಲ, ಮುರಿಯುತ್ತಿತ್ತು. ಹಾಗೆಂದು ಹೇಳಿದೆ. ಮುರಿಯುವುದು ಗೋಣಲ್ಲ, ಕೂತು ಕೆಲಸ ಮಾಡಲಾರದವರ ಸೊಂಟ ಎಂದರು ಅವರು. ಮುಂದೆ ನಮ್ಮಿಬ್ಬರ ನಡುವೆ ಮಾತು ನಿಂತು, ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಯಿತು.

ಮನೆಯಲ್ಲಿ ಮಾತು ನಿಂತರೆ ಎಲ್ಲರಿಗೂ ಭಯ. ನನ್ನ ಹಿರಿಯ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಮಿಕ್ಸರಿನಲ್ಲಿ ಶೇಂಗಾ ಚಟ್ನಿ ರುಬ್ಬಿದ್ದಕ್ಕೆ ಅತ್ತೆ ಏನೋ ಅಂದು, ಅವಳು ಇನ್ನೇನೋ ಅಂದು, ಹೀಗೆಯೇ ಮಾತು ನಿಂತು ಗಂಡನ ಜೊತೆ ರಬಕವಿಗೆ ಬೇರೆ ಹೋಗಿದ್ದಳು. ಬನಹಟ್ಟಿಗೂ ರಬಕವಿಗೂ ನಡುವೆ ಊರಿನಷ್ಟು ಅಂತರವೂ ಇಲ್ಲ. ಆದರೂ ಅತ್ತೆ ಒಂದು ಸಲವೂ ಹೋಗಲಿಲ್ಲ, ಅವಳೂ ಬರಲಿಲ್ಲ. ಅತ್ತೆ ಅವಳ ಹೆಸರೆತ್ತುತ್ತಿರಲಿಲ್ಲ. ಚಟ್ನಿ ತಿನ್ನುವುದನ್ನೂ ಬಿಟ್ಟಿದ್ದರು.

ನವಿಲನ್ನು ಹಾಗೇ ಬಿಟ್ಟು ಉಳಿದದ್ದನ್ನಾದರೂ ಕಳಿಸೋಣವೆಂದು ಒಂದು ದಿನ ಮುನೀಮರಿಗೆ ಫೋನು ಮಾಡಿದೆ. ಮಗ್ಗದೂರಿನವರು ಫೋನಿನಲ್ಲಿ ಒದರಿಯೇ ಮಾತಾಡಬೇಕು, ಇಲ್ಲದಿದ್ದರೆ ನಮ್ಮ ಮಾತು ನಮಗೇ ಕೇಳಿಸದು. ಹಿಂದೊಮ್ಮೆ ನಮ್ಮ ಮನೆಗೆ ಬಂದಾಗ ತಾವು ನೋಡಿದ್ದ, ಚಿತ್ರಗಳಿದ್ದ ಆ ಅತ್ತೆಯ ಫೋಲ್ಡರೂ ಬರುತ್ತದೆಯೇ ಎಂದು ಅವರು ಕೇಳಿದರು. ಬೇಡದ ಫೋಲ್ಡರನ್ನು ಗಂಟಿಗೆ ಸೇರಿಸಬೇಡ ಎಂದು ಗಿಟ್‌ಗೆ ಮೊದಲೇ ಹೇಳಿಡಬಹುದು, ನಾನು ಹೇಳಿಟ್ಟಿದ್ದೆ. ಉತ್ತರಿಸಲು ಬಾಯಿ ತೆಗೆದೆ. ಅದೇ ಹೊತ್ತಿಗೆ ಕರೆಂಟು ಹೋಗಿ, ಶೆಡ್ಡಿನ ಮಗ್ಗಗಳೂ ಓಣಿಯ ಮಗ್ಗಗಳೂ ಒಮ್ಮೆಗೇ ನಿಂತವು. ನನ್ನ ದನಿ ಮಾತ್ರ ನಿಲ್ಲಲಿಲ್ಲ.

“ಗಂಟ ಕಟ್ಟಾಕತ್ತೇನ್ರಿ. ಹಳೇದೆಲ್ಲಾ ಇಲ್ಲೇ ಬಿಡ್ತೇನಿ. ಅತ್ತಿ ಬರೂದಿಲ್ರಿ, ಅತ್ತೀನ ಹೊರಗ ಇಟ್ಟೇನಿ.”

ಓಣಿಯೆಲ್ಲ ಕೇಳಿತು. ಫೋನು ಇಟ್ಟು ಒಳಗೆ ಬಂದರೆ ಸಣ್ಣ ಮಾವ ಶೆಡ್ಡಿನ ಬಾಗಿಲಲ್ಲಿ ಕೈಯಲ್ಲಿ ನೂಲು ಸುತ್ತಿದ ಕಂಡಿಕೆ ಹಿಡಿದುಕೊಂಡೇ ನಿಂತಿದ್ದರು. ಗಂಡ ನನ್ನ ಮುಖ ನೋಡಲಿಲ್ಲ. ಅತ್ತೆ ದೇವರ ಕೋಣೆಯಿಂದ ಮೊರ ಹಿಡಿದು ಬಂದರು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಬೇರು, ಕುಪ್ಪಸಕ್ಕೆ ಒಂದು ಹೊಸ ಖಣ. ಮನೆ ಬಿಟ್ಟು ಹೋಗುವ ಹೆಣ್ಣುಮಗಳನ್ನು ನಮ್ಮ ಕಡೆ ಬರಿ ಉಡಿಯಲ್ಲಿ, ಬರಿ ಮಡಿಲಲ್ಲಿ, ಕಳಿಸುವುದಿಲ್ಲ. ಉಡಿ ತುಂಬಲಿಕ್ಕೆ ಬಂದ ಅತ್ತೆ ಮೊರವನ್ನು ಓರೆಯಾಗಿ ಹಿಡಿದಿದ್ದರು, ಅಕ್ಕಿ ನೆಲಕ್ಕೆ ಚೆಲ್ಲುತ್ತಿತ್ತು.

“ದೊಡ್ಡಾಕಿಗೆ ಇದನ್ನ ಮಾಡ್ಲಿಲ್ಲ. ಸಿಟ್ಟಿನಾಗ ಹಂಗ ಕಳಿಸಿಬಿಟ್ಟೆ,” ಎಂದರು. ಆಮೇಲೆ, “ನವಿಲ ನೆಟ್ಟಗ ನೋಡ್ಲಿ ಬೇ. ನೀ ಹೋಗಬ್ಯಾಡ,” ಎಂದರು.

ಯಾವ ವಾದದಲ್ಲೂ ಸೋಲದ ಆ ಹೆಂಗಸು ಒಂದು ನವಿಲನ್ನು ನನಗೆ ಬಿಟ್ಟುಕೊಟ್ಟರು. ನನಗೆ ನಗು ಬರಬೇಕಿತ್ತು, ಅಳು ಬಂತು. ಅಳುತ್ತಲೇ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಕರೆಂಟು ಇಲ್ಲದೆ ಸ್ಕ್ರೀನು ಕಪ್ಪಗಿತ್ತು. ಆ ಕಪ್ಪು ಸ್ಕ್ರೀನು ತೋರಿಸಿಯೇ ಗಂಟೆಂದರೇನು, ಹೊರಗಿಟ್ಟ ಅತ್ತೆ ಯಾರು ಎಂದು ಹೇಳಿದೆ. ಸಣ್ಣ ಮಾವ ನಕ್ಕು ನಕ್ಕು ಕಂಡಿಕೆ ಕೆಳಗೆ ಬೀಳಿಸಿದರು. ಅತ್ತೆ ನಗಲಿಲ್ಲ. ಮೊರದ ಅಕ್ಕಿಯಲ್ಲಿ ಬೆರಳಾಡಿಸುತ್ತ ಕೂತಿದ್ದರು.

“ಇದರಾಗ ಹಿಂದಕ್ಕ ಹೋಗಾಕ ಬರ್ತೈತಿ ಅಂದಿದ್ದಿಯಲ್ಲ,” ಎಂದರು. “ದೊಡ್ಡಾಕಿ ಹೋಗೂಕಿಂತ ಮದಲಿಂದು ಸಿಗ್ತೈತೇನು?”

ಸಣ್ಣ ಮಾವ ಬಗ್ಗಿ ಕಂಡಿಕೆ ಎತ್ತಿಕೊಂಡರು. ಅದು ಸೀರೆಗೆ ಮಾತ್ರ ನಡೆಯುತ್ತದೆ ಎಂದು ನಾನು ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಮಗ್ಗಗಳು ನಿಂತೇ ಇದ್ದರೂ.

“ಹಂಗಾರ ನವಿಲಿನ ಗೋಣಾದ್ರೂ ಹಿಂದಕ್ಕ ತಿರುಗ್ಸು.”

ಕರೆಂಟು ಬಂದ ಮೇಲೆ ಕೂತೆ. ಚೌಕಗಳನ್ನು ಸಣ್ಣದು ಮಾಡಿ, ಗೋಣಿಗೆ ಇನ್ನಷ್ಟು ಸಾಲು ಕೊಟ್ಟರೆ ಬಾಗುತ್ತಿತ್ತು. ಮೊದಲೇ ಮಾಡಬಹುದಿತ್ತು, ಸೊಂಟದ ಮಾತು ಪೂರ್ತಿ ಸುಳ್ಳಲ್ಲ. ತಿರುಗಿಸಿ ಕಮಿಟ್ ಮಾಡಿದೆ. ಯಾಕೆ ಎಂದು ಬರೆಯುವ ಸಾಲಿನಲ್ಲಿ ‘ಹಿಂದಿನದು ಬಂತೋ ಇಲ್ಲೋ ನೋಡಾಕ’ ಎಂದಷ್ಟೇ ಬರೆದು, ಮತ್ತೆ ಗಂಟು ಕಟ್ಟಿ ಜಮಖಂಡಿಗೆ ಕಳಿಸಿದೆ.

ಆ ದಡಿಯ ಮೊದಲ ಸೀರೆ ಮಗ್ಗದಿಂದ ಇಳಿದ ದಿನ ಅತ್ತೆ ಅದನ್ನು ಮಡಚಿ, ಅವತ್ತು ಮೊರದಲ್ಲಿದ್ದ ಖಣದ ಜೊತೆ ಇಟ್ಟು, ನನ್ನನ್ನು ರಬಕವಿಗೆ ಬರುತ್ತೀಯೇನು ಎಂದು ಕೇಳಿದರು.