ತೊಯ್ದ ರೇಯಾನ್ ಸೀರೆ

"ಇದು ಮರದ ತಿರುಳಿನ ಬಟ್ಟಿ. ತೊಯ್ದಾಗ ಬಲ ಇರಂಗಿಲ್ಲ, ಜೋರಾಗಿ ಹಿಂಡಬ್ಯಾಡ್ರಿ" ಎಂದು ರಾಯಚೂರಿನ ಅಂಗಡಿಯವನು ಇವತ್ತು ರೇಯಾನ್ ಸೀರೆಯೊಂದನ್ನು ಅವ್ವನ ಕೈಗಿತ್ತ. ನಾನೂ ಮುಟ್ಟಿದೆ. ಅದೇ ತಂಪು, ಅದೇ ನುಣುಪು.

ಆಗೆಲ್ಲ ನಮ್ಮೂರು ಚೀಕಲಪರ್ವಿಯ ಹೊಳೆಯಲ್ಲಿ ಯಾರಾದರೂ ಸೆಳವಿಗೆ ಸಿಕ್ಕರೆ, ಬಟ್ಟೆ ಒಗೆಯುವ ಹೆಂಗಸರು ಉಟ್ಟ ನೂಲಿನ ಸೀರೆಯನ್ನೇ ಬಿಚ್ಚಿ ಎಸೆದು ದಡಕ್ಕೆ ಎಳೆದುಕೊಳ್ಳುತ್ತಿದ್ದರು. ನನ್ನ ಸಣ್ಣ ತಂಗಿ ಕಾಲು ಜಾರಿದ ದಿನ ಅವ್ವ ಉಟ್ಟಿದ್ದು ಹೊಸ ರೇಯಾನ್ ಸೀರೆ.

"ಗಟ್ಟಿ ಹಿಡಕೋ ಯವ್ವಾ, ಬಿಡಬ್ಯಾಡ!" ಎಂದು ಅವ್ವ ಅದನ್ನೇ ಬಿಚ್ಚಿ ಎಸೆದು ಚೀರಿದಳು.

ತಂಗಿ ಬಿಡಲಿಲ್ಲ. ಅವ್ವನೂ ಬಿಡಲಿಲ್ಲ. ನೀರು ಕುಡಿದ ಸೀರೆ ನಡುವೆ ಹರಿದು ಎರಡಾಯಿತು. ತಂಗಿ ಸಿಗಲೇ ಇಲ್ಲ.

ನಮ್ಮ ನಸೀಬ ಎಂದುಕೊಂಡೇ ಅವ್ವ ಇಷ್ಟು ವರ್ಷ ದಿನ ದೂಡಿದ್ದಳು. ಇವತ್ತು ಅಂಗಡಿಯಲ್ಲಿ ಸೀರೆ ಹಿಡಿದುಕೊಂಡೇ ನನ್ನತ್ತ ತಿರುಗಿದಳು.

"ಅಂದ್ರ, ಅವತ್ತು ನಾ ನೂಲಿನ ಸೀರಿ ಉಟ್ಟಿದ್ರ ಕೂಸು ಉಳೀತಿತ್ತೇನು?"