ಚೂಪು ತಳ, ಚಪ್ಪಟೆ ತಳ

ದೋಣಿ ಪರೀಕ್ಷೆ ಮಾಡಲು ನಿಮ್ಮಲ್ಲಿ ಯಾರಾದರೂ ಸ್ವಂತ ಅತ್ತೆಯನ್ನೇ ಕೆರೆಗೆ ಎಳೆದುಕೊಂಡು ಹೋಗಿದ್ದೀರಾ? ಇಲ್ಲ ತಾನೇ? ನನ್ನ ಸೊಸೆ ಹೋದಳು. ಅದೂ ಖಾಲಿ ಹೊಟ್ಟೆಯಲ್ಲಿ.

ಸೂಳೆಕೆರೆಯಲ್ಲಿ, ಕೆರೆಬಿಳಚಿಯ ಕಡೆಯ ದಡಕ್ಕೆ, ನಮ್ಮದು ಮೀನು ಹಿಡಿಯುವ ಮನೆ. ಮಗ ಹುಟ್ಟು ಹಾಕುತ್ತಿದ್ದ, ಸೊಸೆ ಬಲೆ ಎತ್ತುತ್ತಿದ್ದಳು. ಹೋದ ವರ್ಷ ಅವನ ಭುಜ ಕೆಟ್ಟಿತು. ಇನ್ನು ಹುಟ್ಟು ಮುಟ್ಟಬೇಡ ಎಂದರು ಡಾಕ್ಟರು. ಕೆರೆಗೆ ಹೋಗುವವಳು ಇನ್ನು ಅವಳೊಬ್ಬಳೇ. ಹಳೆಯ ಹರಿಗೋಲಿನಲ್ಲಿ ಅದು ಆಗದ ಮಾತು. ಬಲೆಗೆ ಬಗ್ಗಿದರೆ ಅದು ಬುಗುರಿಯಂತೆ ಸುತ್ತುತ್ತದೆ, ಹಿಡಿದು ನಿಲ್ಲಿಸಲು ಇನ್ನೊಬ್ಬರು ಬೇಕು.

ಮೀನುಗಾರರ ಸಂಘದವರು ಎರಡು ಅಲ್ಯೂಮಿನಿಯಂ ದೋಣಿ ತರಿಸಿದ್ದರು. ಯಾವುದು ಬೇಕೋ ಆರಿಸಿಕೊಳ್ಳಿ ಎಂದರು. ಒಂದರ ತಳ ಚೂಪು, ಮೂತಿ ನೀಳ. ಇನ್ನೊಂದರ ತಳ ಚಪ್ಪಟೆ, ಹಿಟ್ಟು ನಾದುವ ಪರಾತದಂತೆ. ನನ್ನ ಕಣ್ಣು ಮೊದಲನೆಯದರ ಮೇಲೆ. ಮಧ್ಯಾಹ್ನ ಏಳುವ ಗಾಳಿಗೆ ಅದೇ ಸರಿ, ಅಲೆ ಸೀಳಿಕೊಂಡು ಹೋಗುತ್ತದೆ ಎಂದು ಸಂಘದ ಹಿರಿಯರೊಬ್ಬರೂ ಹೇಳಿದರು. ಒಂದು ದಂಡೆ ಹೂವು ಮುಡಿಸಿದರೆ ಮದುಮಗಳೇ ಎಂದು ನಾನೂ ಸೇರಿಸಿದೆ.

ಸೊಸೆ ಎರಡರ ತಳವನ್ನೂ ಅಂಗೈಯಿಂದ ಸವರಿ ನೋಡಿದಳು. ಆಮೇಲೆ ನನ್ನ ಸೆರಗನ್ನು ತಾನೇ ಸೊಂಟಕ್ಕೆ ಸಿಕ್ಕಿಸಿ, "ಅತ್ತೆಮ್ಮ, ಹತ್ರಿ. ನಾನು ಹುಟ್ಟು ಹಾಕ್ತೀನಿ, ನೀವು ಬಲೆ ಎತ್ರಿ" ಎಂದಳು.

ಚೂಪು ತಳದ್ದು ಸೊಂಯ್ಯನೆ ಹೋಯಿತು. ನಾನು ರಾಣಿಯ ಹಾಗೆ ಕೂತಿದ್ದೆ. ಬಲೆ ಕಟ್ಟಿದ ಜಾಗ ಬಂದಾಗ, ಹರಿಗೋಲಿನಲ್ಲಿ ನಾವೆಲ್ಲ ಮಾಡುವಂತೆಯೇ, ಎರಡೂ ಮಂಡಿ ಅಂಚಿಗೆ ಒತ್ತಿ, ಮೈಭಾರವನ್ನೆಲ್ಲ ಹೊರಗೆ ಚೆಲ್ಲಿ ಎಳೆದೆ. ದೋಣಿ ನನ್ನ ಜೊತೆಗೇ ವಾಲಿತು. ಮಡಿಲ ತುಂಬ ನೀರು. ಸೊಸೆ ತಟ್ಟನೆ ಎದುರು ಬದಿಗೆ ಕೂತು ಅದನ್ನು ಸಮ ಮಾಡಿದಳು. ಅವಳೊಬ್ಬಳೇ ಬಂದ ದಿನ ಆ ಬದಿಗೆ ಯಾರು ಕೂರುತ್ತಾರೆ? ನನ್ನ ರಾಣಿಗಿರಿ ಅಲ್ಲಿಗೇ ಮುಗಿಯಿತು. ಸಾಲದ್ದಕ್ಕೆ, ಹಿಂದಿರುಗುವಾಗ ಆ ಚೂಪು ತಳ ನೀರಲ್ಲಿ ಮುಳುಗಿದ್ದ ಜಾಲಿ ಮರದ ಬೊಡ್ಡೆಗೆ ಬೇರೆ ಸಿಕ್ಕಿಕೊಂಡಿತು.

ಚಪ್ಪಟೆ ತಳದ್ದರ ನಡೆ ಎಮ್ಮೆಯದು. ಪಟಪಟ ಬಡಿದು ಮುಖಕ್ಕೆಲ್ಲ ನೀರೆರಚಿತು. ಆದರೆ ಬೊಡ್ಡೆಗಳ ಮೇಲೆ ಜಾರಿಕೊಂಡು ಹೋಯಿತು. ಸೊಸೆ ಹುಟ್ಟು ಒಳಗಿಟ್ಟು, ನನ್ನನ್ನು ನಡುವೆ ಕೂರಿಸಿ, ತಾನೊಬ್ಬಳೇ ಅಂಚಿಗೆ ಬಂದು ಇಡೀ ಬಲೆ ಎತ್ತಿದಳು. ದೋಣಿ ಒಂದಿಷ್ಟು ಬಾಗಿ, ಅಷ್ಟಕ್ಕೇ ನಿಂತಿತು. ಅವಳು ಮೀನು ಬಿಡಿಸುವ ಬೆರಳುಗಳಿಗೆ ಅವಸರವೇ ಇರಲಿಲ್ಲ.

ಆಗ ನನಗೆ ಹೊಳೆಯಿತು, ಅವಳು ದಡದಲ್ಲೇ ಆರಿಸಿಯಾಗಿತ್ತು. ಬಾಯಲ್ಲಿ ಹೇಳಿದ್ದರೆ ನಾನು ಒಪ್ಪುವವಳಲ್ಲ ಎಂದು ತಿಳಿದೇ ಹತ್ತಿಸಿದ್ದಳು. ಇಂಥ ಜಾಣೆಯನ್ನು ಹುಡುಕಿ ತಂದವಳು ನಾನು, ಅದನ್ನು ಮಾತ್ರ ಯಾರೂ ಮರೆಯಬಾರದು.

ಆದರೂ ಸೋತೆ ಎಂದು ಸುಮ್ಮನಿರಲು ಆಗುತ್ತದೆಯೇ? ದಡಕ್ಕೆ ಇಳಿಯುತ್ತಲೇ ಕೇಳಿದೆ: "ಬಲೆಗೆ ಇದು ಚೆನ್ನಾಗೈತೆ, ಒಪ್ಪಿದೆ. ಮಧ್ಯಾಹ್ನ ಗಾಳಿ ಎದ್ರೆ ಹೆಂಗೆ ಮಾಡ್ತೀಯೇ?"

ಅವಳು ದೋಣಿಯ ನೀರು ಮೊಗೆದು ಚೆಲ್ಲುತ್ತಾ, ತಲೆ ಎತ್ತದೆ ಹೇಳಿದಳು: "ಗಾಳಿ ಏಳೋ ಹೊತ್ತಿಗೆ ನಾನು ಮನೇಲಿ ಸಾರು ಕುದಿಸ್ತಿರ್ತೀನಿ ಅತ್ತೆಮ್ಮ. ಆ ಸಾರಿಗೆ ಉಪ್ಪು ಸಾಲದು, ಖಾರ ಸಾಲದು ಅಂತ ಹೆಸರಿಡಾಕೆ ನೀವು ಬೇಕಲ್ಲ, ಅದಕ್ಕೇ ನಿಮ್ಮನ್ನ ವಾಪಸ್ ಕರ್ಕಂಡು ಬಂದೀನಿ."