ಪ್ಲೇಟೇ ಚಲೋ ಅಂದಿದ್ದೆ

ಬಾಗಲಕೋಟೆಯ ದವಾಖಾನೆಯ ಹೆಣ್ಣುಮಕ್ಕಳ ವಾರ್ಡಿನಲ್ಲಿ ನಮ್ಮಿಬ್ಬರದೂ ಒಂದೇ ಥರದ ಪೆಟ್ಟು. ಪಾದದ ಕೀಲಿಗಿಂತ ನಾಲ್ಕು ಬೆರಳು ಮೇಲೆ ಕಾಲಿನ ಎಲುಬು ಮುರಿದಿತ್ತು. ನಾನು ಬಾದಾಮಿಯಲ್ಲಿ ಟೀಚರು, ಶಾಲೆಗೆ ಹೊರಟಾಗ ಸ್ಕೂಟಿಯಿಂದ ಬಿದ್ದವಳು. ಪಕ್ಕದ ಹಾಸಿಗೆಯವಳು ಹುನಗುಂದದ ಕಡೆಯ ಕುರಿಗಾರರ ಮನೆಯವಳು, ಹಳ್ಳ ದಾಟುವಾಗ ಜಾರಿದ್ದಳು.

ನನಗೆ ಕಾಲು ಕೊಯ್ದು ಎಲುಬಿನ ಮೇಲೆ ಲೋಹದ ಪ್ಲೇಟು ಕೂರಿಸಿ ಐದು ದಿನವಾಗಿತ್ತು. ಅವಳ ಕಾಲು ಊದಿ, ಚರ್ಮದ ಮೇಲೆ ಬೊಬ್ಬೆ ಎದ್ದಿದ್ದವು. ಡಾಕ್ಟರು ಅವಳಿಗೆ ಎಲುಬಿನ ಒಳಗೆ ಉದ್ದನೆಯ ರಾಡು ಹಾಕುತ್ತೇವೆ ಎಂದರು. ಅವರು ಅತ್ತ ಹೋಗುತ್ತಲೇ ಅವಳು ನನ್ನ ಕಡೆ ಹೊರಳಿದಳು.

"ಅಕ್ಕೋರೆ, ನಿಮಗ ಪ್ಲೇಟ ಹಾಕ್ಯಾರ, ನನಗ್ಯಾಕ ರಾಡ ಅಂತಾರ್ರಿ? ಯಾವುದು ಚಲೋ?"

ಡಾಕ್ಟರನ್ನೇ ಕೇಳು ಎನ್ನಬಹುದಿತ್ತು. ಆದರೆ ನಮ್ಮ ಮನೆತನದಲ್ಲಿ ಗೊತ್ತಿಲ್ಲ ಎನ್ನುವ ರೂಢಿಯಿಲ್ಲ. ಮಲಗಿದಲ್ಲೇ ಮೊಬೈಲಿನಲ್ಲಿ ಅದನ್ನೆಲ್ಲ ಓದಿಕೊಂಡಿದ್ದೆ.

"ಪ್ಲೇಟೇ ಚಲೋ, ಎಲುಬು ನೆಟ್ಟಗ ಕೂಡ್ತದ. ರಾಡು ಮೊಣಕಾಲಿನಿಂದ ಒಳಗ ಬಡೀತಾರ. ಮುಂದ ಅಲ್ಲಿ ನೋವು ಬರ್ತದ, ಕುಕ್ಕರಗಾಲಿಲೆ ಕೂಡಲಿಕ್ಕೆ ಆಗೂದಿಲ್ಲ" ಎಂದೆ.

ಊದಿದ ಚರ್ಮವನ್ನು ಕೊಯ್ದು ಪ್ಲೇಟು ಹಾಕಿದರೆ ಗಾಯ ಕೊಳೆಯಬಹುದು, ಅಂಥವರಿಗೆ ರಾಡೇ ಕ್ಷೇಮ ಎಂಬುದನ್ನೂ ಓದಿದ್ದೆ. ಹೇಳಲಿಲ್ಲ. ಮರೆತದ್ದಲ್ಲ. ನನಗೆ ಸಿಕ್ಕದ್ದೇ ಮೇಲು ಎಂದು ಅವಳು ಒಪ್ಪಬೇಕಿತ್ತು, ಅಷ್ಟೇ.

"ಕೂಡಾಕ ಬರದಿದ್ರ ಆಡು ಹೆಂಗ ಹಿಂಡ್ಲಿ?" ಎಂದಳು.

ಮರುದಿನ ಅವಳ ಗಂಡ ಬಂದು, ರಾಡು ಬೇಡವೇ ಬೇಡ ಎಂದು, ಈ ಕಾಲಿಗೆ ಪ್ಲೇಟು ಆಗದು ಎಂದು ಡಾಕ್ಟರು ಎಷ್ಟು ತಿಳಿಸಿ ಹೇಳಿದರೂ ಕೇಳದೆ, ಅವಳನ್ನು ಕರೆದುಕೊಂಡು ಹೋದ. ಊರಲ್ಲಿ ಎಲುಬು ಕಟ್ಟುವವರ ಹತ್ತಿರ ಕಟ್ಟಿಸುತ್ತಾರಂತೆ ಎಂದು ನರ್ಸು ಹೇಳಿದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಎಂಟು ತಿಂಗಳ ಮೇಲೆ ಇಳಕಲ್ ಬಸ್ ನಿಲ್ದಾಣದಲ್ಲಿ ಅವಳೇ ನನ್ನ ಗುರುತು ಹಿಡಿದಳು. ನಾನು ಸಲೀಸಾಗಿ ನಡೆಯುತ್ತಿದ್ದೆ. ಅವಳ ಪಾದ ಹೊರಕ್ಕೆ ತಿರುಗಿತ್ತು, ಹೆಜ್ಜೆಹೆಜ್ಜೆಗೂ ಸೊಂಟ ವಾಲುತ್ತಿತ್ತು.

"ನೀವು ಹೇಳಿದ್ದು ಭಾಳ ಚಲೋ ಆತ್ರಿ ಅಕ್ಕೋರೆ. ರಾಡ ಹಾಕಿಸ್ಕೊಂಡಿದ್ರ ಮೊಣಕಾಲ ಹೋಗತಿತ್ತು. ಈಗ ಕುಂಟಾದ್ರೂ ಕುಂತು ಆಡು ಹಿಂಡ್ತೇನಿ" ಎಂದು ಚೀಲದಿಂದ ಎರಡು ಪೇರಲಹಣ್ಣು ತೆಗೆದು ನನ್ನ ಕೈಗಿಟ್ಟಳು.

ತೆಗೆದುಕೊಂಡೆ. ಅವಳು ಬಸ್ ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಹೋದೆ.

"ಅವತ್ತ ನಾ ತಪ್ಪು ಹೇಳಿದ್ದೆ. ನಿನ್ನ ಕಾಲಿಗೆ ರಾಡೇ ಬರೋಬ್ಬರಿ ಇತ್ತು. ನನಗ ಗೊತ್ತಿತ್ತು. ಈಗರೆ ಒಮ್ಮೆ ಡಾಕ್ಟರಿಗೆ ತೋರಿಸೋಣು, ನಾನೂ ಬರ್ತೇನಿ."

ಅವಳು ನನ್ನ ಕಾಲನ್ನು ನೋಡಿದಳು.

"ಗೊತ್ತಿದ್ದೂ ಯಾಕ ಹೇಳ್ಲಿಲ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರ ನನ್ನಲ್ಲಿತ್ತು, ಅಷ್ಟು ಜನರೆದುರು ಅದನ್ನು ಹೇಳುವ ಧೈರ್ಯವಿರಲಿಲ್ಲ. ಟಿಕೆಟಿನ ಹಿಂದೆ ನನ್ನ ನಂಬರು ಬರೆದು ಕೊಟ್ಟೆ. ಅವಳು ಅದನ್ನು ಮಡಚಿ ಇಟ್ಟುಕೊಂಡಳು. ಇನ್ನೂ ಫೋನು ಬಂದಿಲ್ಲ.